ಕಿಟಕಿಯಿಂದಲೇ ಆನೆ

ಕಿಸೊಂಬೆ ತನ್ನ ಜೀವಮಾನದಲ್ಲಿ ಮನಸ್ಸಿಟ್ಟು ಬರೆದದ್ದು ಎರಡೇ ಬರಹ. ಒಂದು, ಆನೆಗಳಿಂದ ನಮ್ಮನ್ನು ಕಾಪಾಡಿ ಎಂದು ಸರ್ಕಾರಕ್ಕೆ ಹಾಕಿದ ಅರ್ಜಿ. ಇನ್ನೊಂದು, ಆನೆ ನೋಡಲು ನಮ್ಮಲ್ಲಿಗೆ ಬನ್ನಿ ಎಂದು ರಸ್ತೆ ಬದಿಯಲ್ಲಿ ನೆಟ್ಟ ಬೋರ್ಡು. ಎರಡರ ನಡುವೆ ಮೂರು ವರ್ಷದ ಅಂತರವಿದ್ದುದರಿಂದ ಅವು ಎಂದಾದರೂ ಒಂದಕ್ಕೊಂದು ಎದುರಾದಾವು ಎಂದು ಅವನಿಗೆ ಹೊಳೆಯಲಿಲ್ಲ. ದೊಡ್ಡ ದೊಡ್ಡ ಮಂತ್ರಿಗಳಿಗೇ ಹೊಳೆಯದ ವಿಷಯ ಕಿಶಾವೆ ಹಳ್ಳಿಯ ಕಿಸೊಂಬೆಗೆ ಹೊಳೆಯಬೇಕಿತ್ತು ಎನ್ನುವುದು ಯಾವ ನ್ಯಾಯವೂ ಅಲ್ಲ.

ಅರ್ಜಿಯನ್ನು ಅವನೊಬ್ಬನಿಗಾಗಿ ಬರೆದದ್ದಲ್ಲ. ಕಿಶಾವೆ ಇರುವುದು ತ್ಸಾವೊ ಕಾಡಿನ ಅಂಚಿನಲ್ಲಿ. ಹೆಸರುಕಾಳು ಕಾಯಿ ಕಟ್ಟಿತೆಂದರೆ ಸಾಕು, ಮೈತುಂಬ ಕೆಂಪು ಮಣ್ಣು ಬಳಿದುಕೊಂಡ ಆನೆಗಳು ಕರೆಯದೆ ಬರುತ್ತವೆ. ಕಾಡಿಗೂ ಊರಿಗೂ ನಡುವೆ ಕರೆಂಟಿನ ತಂತಿಬೇಲಿ ಹಾಕಿಸಿಕೊಡಿ ಎಂದು ಊರವರೆಲ್ಲ ಸೇರಿ ಕೇಳಿದರು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಬರೆಯುವ ಕೆಲಸ ಕಿಸೊಂಬೆಯ ಪಾಲಿಗೆ ಬಂತು. ಅವನು ಬರೆದ: ‘ಆನೆಗಳು ದಿನವೂ ಕಿಟಕಿಯವರೆಗೆ ಬರುತ್ತವೆ. ಹಾಸಿಗೆಯಿಂದ ಏಳುವ ಹಾಗಿಲ್ಲ.’ ಓದಿ ಹೇಳಿದಾಗ ಹೆಂಗಸರು ಕಣ್ಣೊರೆಸಿಕೊಂಡರು. ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ನಿಜ ಹೇಳಬೇಕೆಂದರೆ ಕಿಸೊಂಬೆಯ ಕಿಟಕಿಗೆ ಒಂದು ಆನೆಯೂ ಬಂದಿರಲಿಲ್ಲ. ಅವನ ಮನೆ ಊರಿನ ಕೊನೆಯ ಬಂಡೆ ದಿಬ್ಬದ ಮೇಲಿತ್ತು. ಅಲ್ಲಿ ಹುಲ್ಲು ಕೂಡ ಯೋಚಿಸಿ ಬೆಳೆಯುತ್ತಿತ್ತು. ಆನೆಗಳು ದಿಬ್ಬವನ್ನು ಬಳಸಿಕೊಂಡು ಕೆಳಗಿನ ಮಾಚೊಚೊ ಅಜ್ಜಿಯ ಹೊಲಕ್ಕೆ ನೇರವಾಗಿ ಇಳಿಯುತ್ತಿದ್ದವು. ಆನೆಗೂ ತನ್ನ ಮನೆಯೆಂದರೆ ಅಸಡ್ಡೆಯೇ ಎಂದು ಅವನಿಗೆ ಒಳಗೊಳಗೇ ಬೇಜಾರಿತ್ತು.

ಅವನು ಹದಿನೆಂಟು ವರ್ಷ ಕಾಡಿನೊಳಗಿನ ಒಂದು ದೊಡ್ಡ ಲಾಡ್ಜಿನಲ್ಲಿ ಹಾಸಿಗೆ ಹಾಸುವ ಕೆಲಸ ಮಾಡಿದ್ದ. ಟವೆಲ್ಲನ್ನು ಮಡಿಸಿ, ಸೊಂಡಿಲೆತ್ತಿ ನಿಂತ ಆನೆ ಮಾಡುವುದರಲ್ಲಿ ಅವನ ಸಮಕ್ಕೆ ಯಾರೂ ಇರಲಿಲ್ಲ. ಲಾಡ್ಜಿನವರು ಆಳುಗಳನ್ನು ಕಡಿಮೆ ಮಾಡಿದಾಗ ಆ ವಿದ್ಯೆಯೊಂದನ್ನೇ ಹೊತ್ತುಕೊಂಡು ಮನೆಗೆ ಬಂದ. ಬಂದ ದಿನದಿಂದ ಅವನ ಕಾಲು ಒಂದು ಕಡೆ ನಿಲ್ಲಲಿಲ್ಲ. ಅಂಗಳದಿಂದ ರಸ್ತೆಗೆ, ರಸ್ತೆಯಿಂದ ಅಂಗಳಕ್ಕೆ ಓಡಾಡಿ ಓಡಾಡಿ ಒಂದು ದಿನ ಹೆಂಡತಿ ಮಲೆಂಬಳ ಮುಂದೆ ನಿಂತು ಘೋಷಿಸಿದ.

“ನಾವು ಲಾಡ್ಜು ತೆಗೀತಿದ್ದೀವಿ.”

ಮಲೆಂಬ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. “ಎಲ್ಲಿ?”

“ಹಿಂದಿನ ಕೋಣೇಲಿ. ಅಲ್ಲಿ ಕಾಡೊಳಗೆ ಒಂದು ರಾತ್ರಿ ಮಲಗೋಕೆ ಕೊಡೋ ದುಡ್ಡಿಗೆ ಎರಡು ಮೇಕೆ ಬರುತ್ತೆ ಕಣೆ. ಎರಡು ಮೇಕೆ ಕೊಟ್ಟು ನಿದ್ದೆ ಕೊಂಡ್ಕೊಳ್ಳೋರು ಎಷ್ಟು ಜನ? ಉಳಿದೋರೆಲ್ಲ ಅಗ್ಗದ ರೂಮು ಹುಡುಕ್ತಾ ಅಲೀತಿರ್ತಾರೆ.”

“ಅಲೀಲಿ ಪಾಪ. ನನ್ನ ಕಾಳಿನ ಚೀಲ ಎಲ್ಲಿಡ್ಲಿ, ವಕೇಶೊ ಅಪ್ಪಾ?” ಮಗಳು ವಕೇಶೊ ವೊಯಿ ಪಟ್ಟಣದಲ್ಲಿ ಗಂಡನ ಮನೆಯಲ್ಲಿದ್ದರೂ ಮಲೆಂಬ ಗಂಡನನ್ನು ಕರೆಯುವುದು ಆ ಹೆಸರಿನಿಂದಲೇ.

ಕಾಳಿನ ಚೀಲಗಳು ಗಂಡ ಹೆಂಡಿರ ಮಂಚದ ಕೆಳಗೆ ಹೋದವು. ಕೋಣೆಗೆ ಸುಣ್ಣವಾಯಿತು. ಹೊರಗೆ ನೀರಿನ ಕರಿ ಟ್ಯಾಂಕು ಬಂತು. ಹಾಸಿಗೆಯ ಮೇಲೆ ಟವೆಲ್ ಆನೆ ಸೊಂಡಿಲೆತ್ತಿ ನಿಂತಿತು. ಒಂದು ತಿಂಗಳಾದರೂ ನರಪಿಳ್ಳೆಯೂ ಬರಲಿಲ್ಲ. ಕಿಸೊಂಬೆ ದಿನಕ್ಕೆ ಎರಡು ಸಲ ಆ ಆನೆಯನ್ನು ಬಿಚ್ಚಿ ಧೂಳು ಕೊಡವಿ ಮತ್ತೆ ಕಟ್ಟಿದ. ಕೊನೆಗೆ ತಡೆಯಲಾರದೆ ಒಂದು ಹಲಗೆ ಹುಡುಕಿ, ಮನೆಯ ಕಡೆಗೊಂದು ಬಾಣ ಎಳೆದು, ಹಸಿರು ಬಣ್ಣದಲ್ಲಿ ಬರೆದ: ‘ಕಾಡಿನೊಳಗಿರುವ ಒಂದೇ ಒಂದು ಅಗ್ಗದ ರೂಮು. ಕಿಟಕಿಯಿಂದಲೇ ಆನೆ. ಹಾಸಿಗೆಯಿಂದ ಏಳಬೇಕಾಗಿಲ್ಲ.’ ಒಳ್ಳೆಯ ಮಾತನ್ನು ಒಮ್ಮೆ ಬರೆದು ಸುಮ್ಮನೆ ಬಿಡುವುದು ಅವನ ಜಾಯಮಾನವಲ್ಲ.

ಬೋರ್ಡು ನೆಟ್ಟ ಐದನೆಯ ದಿನ ಮಧ್ಯಾಹ್ನ, ಬಾಡಿಗೆ ಬೈಕೊಂದರ ಹಿಂದಿನಿಂದ ಬೋಳುತಲೆಯ ಮನುಷ್ಯನೊಬ್ಬ ಇಳಿದ. ತೋಳಿನಲ್ಲಿ ಚರ್ಮದ ಚೀಲ, ಕಾಲಲ್ಲಿ ಪಾಲಿಶ್ ಮಾಡಿದ ಬೂಟು, ಮುಖದಲ್ಲಿ ಮೂರು ಲಾಡ್ಜಿನ ಬೆಲೆ ಕೇಳಿ ಬಂದ ಸುಸ್ತು.

“ನ್ಯಾಕುಂಡಿ ಅಂತ. ಕಿಸೀ ಸೀಮೆಯವನು. ರೂಮಿಗೆ ಎಷ್ಟು?”

“ಎಂಟುನೂರು ಶಿಲಿಂಗ್ ಸಾರ್. ಚಹಾ, ಊಟ, ಆನೆ ಎಲ್ಲ ಸೇರಿ.”

“ರಸೀದಿ ಕೊಡ್ತೀರಾ?”

ಸುತ್ತಾಡಲು ಬಂದವರು ರಸೀದಿ ಕೇಳುವುದಿಲ್ಲ. ಸರ್ಕಾರದ ದುಡ್ಡಿನಲ್ಲಿ ಬಂದವರು ಮಾತ್ರ ಕೇಳುತ್ತಾರೆ. ಇದು ಯಾರಿಗಾದರೂ ಗೊತ್ತಾಗುವ ವಿಷಯ. ಬೇಲಿಯ ಅರ್ಜಿ ವಿಚಾರಿಸಲು ಇಂದೋ ನಾಳೆಯೋ ಅಧಿಕಾರಿಯೊಬ್ಬರು ಬರುತ್ತಾರೆಂದು ಊರ ಚೀಫ್ ಮ್ವಾಸಾರು ವಾರದ ಹಿಂದೆಯೇ ಮನೆಮನೆಗೆ ಹೇಳಿ ಕಳಿಸಿದ್ದ. ಆದರೆ ಮೊದಲನೆಯ ಗಿರಾಕಿಯ ಮುಖ ಕಂಡವನಿಗೆ ಬೇರೇನೂ ಕಾಣುವುದಿಲ್ಲ. ಕಿಸೊಂಬೆ ಶಾಲೆಯ ನೋಟ್‌ಬುಕ್ಕಿನ ಹಾಳೆ ಹರಿದು, ತನ್ನ ದುಂಡಗಿನ ಅಕ್ಷರದಲ್ಲಿ ರಸೀದಿ ಬರೆದು, ಎರಡೂ ಕೈಯಿಂದ ಕೊಟ್ಟ. ಮಲೆಂಬ ಕೋಳಿ ಹಿಡಿಯಲು ಓಡಿದಳು.

ಚಹಾ ಕುಡಿಯುತ್ತ ನ್ಯಾಕುಂಡಿ ಪುಸ್ತಕ ತೆಗೆದ. “ನಾನು ಬಂದಿರೋದೇ ಆನೆ ವಿಷಯಕ್ಕೆ. ದಿನಾ ಬರ್ತಾವಾ?”

“ತಪ್ಪದೆ ಬರ್ತವೆ ಸಾರ್. ಬೇಕಿದ್ರೆ ಗಡಿಯಾರ ಸರಿ ಮಾಡ್ಕೊಳ್ಳಿ.”

“ಬೆಳೆಗೆ ತೊಂದರೆ?”

ಗಿರಾಕಿಗೆ ಹೆದರಿಕೆಯಾಗಿದೆ ಎಂದುಕೊಂಡ ಕಿಸೊಂಬೆ. “ಬೆಳೇನಾ? ಕಣ್ಣೆತ್ತಿ ನೋಡಲ್ಲ ಸಾರ್. ಮೊನ್ನೆ ಹೆಸರುಕಾಳು ಹೊಲದ ಬದುವಿನ ಮೇಲೆ ಒಂದರ ಹಿಂದೆ ಒಂದು ನಡಕೊಂಡು ಹೋದ್ವು. ಒಂದು ಗಿಡ ಬಾಗಲಿಲ್ಲ.”

“ಮನುಷ್ಯರಿಗೆ ಅಪಾಯ?”

“ನಮ್ಮೂರ ಮಕ್ಕಳು ಅವುಗಳ ಬಾಲ ಹಿಡ್ಕೊಂಡೇ ಶಾಲೆಗೆ ಹೋಗೋದು!”

ನ್ಯಾಕುಂಡಿ ಒಂದಕ್ಷರ ಬಿಡದೆ ಬರೆದುಕೊಂಡ. ಅವನ ಸೀಮೆಯಲ್ಲಿ ಬೆಟ್ಟ, ಬಾಳೆ, ಚಹಾ ತೋಟ ಬಿಟ್ಟರೆ ಆನೆಯ ಸುಳಿವೇ ಇಲ್ಲ. ನಂಬುವುದಕ್ಕೂ ನಂಬದಿರುವುದಕ್ಕೂ ಅವನ ಬಳಿ ಆಧಾರವಿರಲಿಲ್ಲ. ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದ ಮಲೆಂಬ ಗಂಡನನ್ನು ಅಡುಗೆಮನೆಗೆ ಕರೆದು ತೋಳು ಚಿವುಟಿದಳು.

“ಬಾಲ ಹಿಡ್ಕೊಂಡು ಶಾಲೆಗೆ? ಸಂಜೆ ಆನೆ ತೋರ್ಸಿ ಅಂದ್ರೆ ಏನು ತೋರಿಸ್ತೀರಿ, ನನ್ನ ಮುಖನಾ?”

 ಕಿಸೊಂಬೆ ಅಷ್ಟು ದೂರ ಯೋಚಿಸಿರಲಿಲ್ಲ. ಬಿಸಿಲು ಇಳಿಯುವ ಮುಂಚೆ ದಿಬ್ಬ ಇಳಿದು ಮಾಚೊಚೊ ಅಜ್ಜಿಯ ಹೊಲಕ್ಕೆ ಓಡಿದ. ಎಪ್ಪತ್ತು ದಾಟಿದ ಅಜ್ಜಿ, ಕಾವಲು ಅಟ್ಟಣೆಯ ಕೆಳಗೆ ಬೆರಣಿ ಜೋಡಿಸುತ್ತಿದ್ದಳು. ಆನೆಯ ಲದ್ದಿಗೆ ಒಣ ಮೆಣಸಿನಕಾಯಿ ಕುಟ್ಟಿ ಹಾಕಿ ತಟ್ಟಿದ ಬೆರಣಿ. ಅದರ ಹೊಗೆಗೆ ಆನೆ ಹತ್ತಿರ ಸುಳಿಯುವುದಿಲ್ಲ.

“ಅಜ್ಜೀ, ಇವತ್ತೊಂದು ಸಂಜೆ ಬೆರಣಿ ಹಚ್ಚಬೇಡ.”

“ಯಾಕೋ, ಜ್ವರ ಬಂದಿದೆಯಾ ನಿಂಗೆ?”

“ಆನೆ ಬರಬೇಕು. ನನ್ನ ಗಿರಾಕಿ ನೋಡಬೇಕು. ನಿನ್ನ ಹೊಲದ ಕಡೆ ಬಂದ್ರೆ ನಾನು ಹೇಗಾದ್ರೂ ಮಾಡಿ ಮೇಲಕ್ಕೆ ತಿರುಗಿಸ್ಕೊಳ್ತೀನಿ.”

“ಹೇಗೆ, ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀಯಾ? ನನ್ನ ಹೆಸರುಕಾಳು ಏನಾಗಬೇಕು?”

“ಒಂದು ಸಾಲು ಬಿಟ್ಟುಕೊಡು ಅಜ್ಜಿ. ಒಂದೇ ಸಾಲು.”

ಅಜ್ಜಿ ಎದ್ದು ನಿಂತಳು. “ಹನ್ನೊಂದು ವರ್ಷ ಆಯ್ತು ಕಣೋ ನಾನು ಹಾಸಿಗೆ ಮೇಲೆ ಮಲಗಿ. ಈ ಅಟ್ಟಣೆ ಮೇಲೆ ಕೂತು ಡಬ್ಬ ಬಡಿದು ಬಡಿದು ನನ್ನ ಅರ್ಧ ಕಿವಿ ಹೋಯ್ತು. ಬೇಲಿ ಬಂದ್ರೆ ಒಂದು ದಿನ ಕಾಲು ಚಾಚಿ ಮಲಗ್ತೀನಿ ಅಂತ ಜೀವ ಹಿಡ್ಕೊಂಡಿದೀನಿ. ನೀನು ಹಾಸಿಗೆ ಬಾಡಿಗೆಗೆ ಕೊಡೋನು. ನಿಂಗೇನು ಗೊತ್ತು ನಿದ್ದೆ ಬೆಲೆ? ನಡಿ ಆಚೆ!”

ಅವನು ಹೋದ ಮೇಲೆ ಅಜ್ಜಿ ಎಂದಿನ ನಾಲ್ಕು ಬೆರಣಿಯ ಬದಲು ಎಂಟು ಹಚ್ಚಿದಳು. ಗಾಳಿಯೂ ಅಜ್ಜಿಯ ಕಡೆಯದೇ ಇರಬೇಕು, ಹೊಗೆಯನ್ನು ಒಂದು ಚೂರೂ ಪೋಲು ಮಾಡದೆ ದಿಬ್ಬದ ಮೇಲಿನ ಲಾಡ್ಜಿಗೆ ತಲುಪಿಸಿತು. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ನ್ಯಾಕುಂಡಿ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಗೆ ಮಾಡಿಕೊಂಡ.

“ಇದೇನ್ರೀ ಹೊಗೆ?”

“ಸೊಳ್ಳೆಗೆ ಸಾರ್.”

“ಎಷ್ಟು ದೊಡ್ಡ ಸೊಳ್ಳೆರೀ ನಿಮ್ಮೂರಲ್ಲಿ?”

ಕೆಳಗೆ ಡಬ್ಬಗಳ ಬಡಿತ ಶುರುವಾಯಿತು. “ಅದೇನು ಸದ್ದು?”

“ಹಾಡು ಸಾರ್. ನಮ್ಮ ಅಜ್ಜಿಯಂದಿರಿಗೆ ಸಂಜೆಯಾದ್ರೆ ಹಾಡು ಬೇಕು.”

ಕಿಸೊಂಬೆ ಕೂತಲ್ಲಿ ಕೂರಲಿಲ್ಲ. ಕಿಟಕಿಯ ಕೆಳಗೆ ಕುಂಬಳಕಾಯಿ ಇಟ್ಟ. ಒಂದು ಸಾಲದೆಂದು ಇನ್ನೊಂದು ಇಟ್ಟ. ಕಾಡಿನ ಕಡೆ ಮುಖ ಮಾಡಿ ಬಾಯಿಗೆ ಕೈ ಅಡ್ಡ ಹಿಡಿದು ಆನೆಯ ಹಾಗೆ ಕೂಗಲೂ ನೋಡಿದ. ಅದಕ್ಕೆ ಉತ್ತರ ಕೊಟ್ಟದ್ದು ಚೀಫನ ಕತ್ತೆ ಒಂದೇ. ಕತ್ತಲು ಕವಿಯಿತು, ಆನೆ ಬರಲಿಲ್ಲ. ನ್ಯಾಕುಂಡಿ ಕೋಳಿ ಸಾರು, ಉಗಾಲಿ ಮುದ್ದೆ ಉಂಡು, ಹಾಸಿಗೆಯ ಮೇಲಿನ ಟವೆಲ್ಲನ್ನು ಅತ್ತ ಸರಿಸಿ ಮಲಗುವ ಮುಂಚೆ ಪುಸ್ತಕದಲ್ಲಿ ಕೊನೆಯ ಸಾಲು ಬರೆದ: ‘ಕಂಡ ಆನೆ, ಒಂದು. ಬಟ್ಟೆಯದು.’

ಬೆಳಗ್ಗೆ ಚೀಫ್ ಮ್ವಾಸಾರು ಟೋಪಿ ಹಾಕಿಕೊಂಡು, ಕೋಲು ಕಂಕುಳಲ್ಲಿ ಇಟ್ಟುಕೊಂಡು ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದ. “ಬೇಲಿ ಸಾಹೇಬ್ರು ನಿಮ್ಮನೇಲೇ ಇಳ್ಕೊಂಡಿದಾರಂತೆ! ಭೇಷ್ ಕಿಸೊಂಬೆ! ನಮ್ಮ ಕಷ್ಟ ಎಲ್ಲ ವಿವರವಾಗಿ ಹೇಳಿದೀಯ ತಾನೇ?”

ಕಿಸೊಂಬೆ ಚೀಫನಿಗೆ ಕುರ್ಚಿ ತರಲು ತಿರುಗಿದ. ಮಲೆಂಬ ಒಳಗಿನಿಂದ ಉತ್ತರಿಸಿದಳು. “ಹೇಳಿದಾರೆ ಚೀಫ್. ಬಾಲ ಬಿಡದೆ ಹೇಳಿದಾರೆ.”

ದೊಡ್ಡ ಹುಣಸೆ ಮರದ ಕೆಳಗೆ ಚೀಫನ ಬರಾಜ, ಅಂದರೆ ಊರ ಸಭೆ, ಸೇರಿತು. ಊರಿಗೆ ಊರೇ ಬಂದು ಕೂತಿತ್ತು. ನ್ಯಾಕುಂಡಿ ಒಂದು ಕೈಯಲ್ಲಿ ಅರ್ಜಿ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಎದ್ದ. ಮೊದಲು ಅರ್ಜಿ ಓದಿದ. ಹೆಂಗಸರು ಹಳೆಯ ಅಭ್ಯಾಸದಂತೆ ಕಣ್ಣೊರೆಸಿಕೊಂಡರು. ಆಮೇಲೆ ಪುಸ್ತಕ ಓದಿದ. ಬದುವಿನ ಮೇಲೆ ಸಾಲಾಗಿ ನಡೆಯುವ ಆನೆಗಳು ಬಂದವು. ಶಾಲೆಗೆ ಹೋಗುವ ಮಕ್ಕಳೂ ಬಂದರು. ಊರವರು ಮುಖ ಮುಖ ನೋಡಿಕೊಂಡರು.

“ಎರಡನ್ನೂ ಹೇಳಿದ ಮನುಷ್ಯ ಒಬ್ಬನೇ,” ಎಂದು ನ್ಯಾಕುಂಡಿ ಜೇಬಿನಿಂದ ರಸೀದಿ ತೆಗೆದು ಅರ್ಜಿಯ ಪಕ್ಕದಲ್ಲಿ ಹಿಡಿದ. “ಅಕ್ಷರ ನೋಡಿ. ಈಗ ಹೇಳಿ, ನಾನು ಮೇಲಕ್ಕೆ ಏನಂತ ಬರೀಲಿ? ಕುರಿಮರಿಯಂಥ ಆನೆಗಳಿಗೆ ಕರೆಂಟಿನ ಬೇಲಿ ಬೇಕು ಅಂತನಾ?”

ಆಗ ಎದ್ದ ಗದ್ದಲಕ್ಕೆ ಹುಣಸೆ ಮರದ ಹಕ್ಕಿಗಳು ಜಾಗ ಖಾಲಿ ಮಾಡಿದವು. “ಕಿಟಕಿ ಕಿತ್ತು ಹಾಕ್ರೋ ಅವನದ್ದು!” “ಬಾಲ ಹಿಡ್ಕೊಂಡು ಹೋಗೋಕೆ ಅವನನ್ನೇ ಕಳಿಸಿ!” ಚೀಫ್ ಕೋಲು ಕುಟ್ಟಿದ. ಯಾರೂ ಕೇಳಲಿಲ್ಲ. ಮಾಚೊಚೊ ಅಜ್ಜಿ ಮಾತ್ರ ಕೂಗಾಡಲಿಲ್ಲ. ನೇರವಾಗಿ ಬಂದು ಅಧಿಕಾರಿಯ ತೋಳು ಹಿಡಿದಳು.

“ಬಾ ಮಗಾ. ಓದಿದ್ದು ಸಾಕು.”

ಎಂಟು ಬೆರಣಿಯ ಹೊಗೆಯೆಲ್ಲ ದಿಬ್ಬದ ಮೇಲಕ್ಕೆ ಹೋದದ್ದರಿಂದ ಹೊಲದ ಕೆಳಗಿನ ಅಂಚಿಗೆ ಕಾವಲೇ ಇರಲಿಲ್ಲ. ನಸುಕಿನಲ್ಲಿ ಆನೆಗಳು ಆ ಕಡೆಯಿಂದ ಬಂದು ಅರ್ಧ ಹೊಲವನ್ನು ನೆಲಕ್ಕೆ ಸಮ ಮಾಡಿದ್ದವು. ನ್ಯಾಕುಂಡಿ ಒಂದು ಹೆಜ್ಜೆ ಗುರುತಿನೊಳಗೆ ತನ್ನ ಬೂಟು ಇಟ್ಟ. ಎರಡನೆಯದೂ ಹಿಡಿಯಿತು. ಚರ್ಮದ ಚೀಲ ಇಟ್ಟರೂ ಜಾಗ ಉಳಿಯುತ್ತಿತ್ತು. ಅಜ್ಜಿ ಮುರಿದ ಗಿಡವೊಂದನ್ನು ಎತ್ತಿ ಅವನ ಕೈಗೆ ಕೊಟ್ಟಳು. ಕಾಯಿ ಇನ್ನೂ ಹಸಿರಾಗಿತ್ತು. ದೂರದಲ್ಲಿ ನಿಂತು ನೋಡುತ್ತಿದ್ದ ಕಿಸೊಂಬೆಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮೊದಲ ಸಲ ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಬರಾಜಕ್ಕೆ ಮರಳಿದ ನ್ಯಾಕುಂಡಿ ಒಂದೇ ಮಾತು ಹೇಳಿದ. “ಬೇಲಿ ಕೊಡಿಸ್ತೀನಿ.”

ಹೆಂಗಸರು ಎದ್ದು ಹಾಡಿದರು. ಅಜ್ಜಿ ಕೂತಲ್ಲಿಯೇ ಕಾಲು ಚಾಚಿ ನೋಡಿಕೊಂಡಳು. ಗಲಾಟೆ ತಣ್ಣಗಾದ ಮೇಲೆ ನ್ಯಾಕುಂಡಿ ಊರಿನ ನಕ್ಷೆ ಬಿಚ್ಚಿದ. “ಇನ್ನು ಗೆರೆ ಹಾಕೋದೊಂದು ಬಾಕಿ. ಊರು ಬೇಲಿ ಈಚೆಗೆ, ಕಾಡು ಆಚೆಗೆ. ಈ ದಿಬ್ಬದ ಮನೆಯದ್ದೇ ಸಮಸ್ಯೆ. ಕಾಡಿನೊಳಗಿರೋ ರೂಮು ಅಂತ ರಸ್ತೆ ಪಕ್ಕ ಬೋರ್ಡಿದೆ. ನಾನೇ ಅದಕ್ಕೆ ದುಡ್ಡು ಕೊಟ್ಟು ರಸೀದಿ ಇಸ್ಕೊಂಡಿದೀನಿ. ಕಾಡಿನೊಳಗಿನ ಮನೇನ ಊರೊಳಗೆ ಹಾಕಿದ್ರೆ ನಾಳೆ ನನ್ನನ್ನು ಕೇಳ್ತಾರೆ.”

“ಅದು ಸುಳ್ಳು ಬೋರ್ಡು ಸಾಹೇಬ್ರೇ,” ಎಂದ ಚೀಫ್.

“ಬರೆದವರು ಹೇಳಲಿ. ಎಲ್ಲರ ಮುಂದೆ ಸುಳ್ಳು ಅಂತ ಹೇಳಿ, ಬೋರ್ಡು ಕಿತ್ತರೆ ಮನೆ ಈಚೆಗೆ. ಅಷ್ಟೇ.”

ಮಲೆಂಬ ಗಂಡನ ಬೆನ್ನಿಗೆ ತಿವಿದಳು. “ಏಳ್ರೀ. ಹೇಳ್ರೀ. ಒಂದು ಮಾತು.”

ಕಿಸೊಂಬೆ ಎದ್ದ. ಹೇಳಬೇಕೆಂದೇ ಎದ್ದ, ಇದರಲ್ಲಿ ಅನುಮಾನ ಬೇಡ. ಮುರಿದ ಗಿಡ ಅವನ ಕಣ್ಣ ಮುಂದೆಯೇ ಇತ್ತು. “ಆ ಬೋರ್ಡು...” ಎಂದು ಗಂಟಲು ಸರಿಮಾಡಿಕೊಂಡ. “ಆ ಬೋರ್ಡಲ್ಲಿ ಏನು ಬರ್ದಿದೆಯೋ...”

ಅಷ್ಟರಲ್ಲಿ ಎರಡು ಬಾಡಿಗೆ ಬೈಕುಗಳು ಧೂಳೆಬ್ಬಿಸಿಕೊಂಡು ಬಂದು ಹುಣಸೆ ಮರದ ಬಳಿ ನಿಂತವು. ಮೊಂಬಾಸಾ ಕಡೆಯ ಹೊಸ ಜೋಡಿ, ಬೆನ್ನ ಮೇಲೆ ಚೀಲ. ಹುಡುಗಿಯ ತಲೆಯ ಮೇಲೆ ಬಿಸಿಲಿಗೆ ಬಾಡಿದ ಹೂವಿನ ಟೋಪಿ.

“ಬೆಳಗ್ಗಿಂದ ಹುಡುಕ್ತಾ ಇದ್ದೀವಿ,” ಎಂದ ಹುಡುಗ. “ಕಾಡಿನೊಳಗೆ ಅಗ್ಗದ ರೂಮು ಇದೆಯಂತಲ್ಲ. ಯಾರದ್ದು?”

ಊರೆಲ್ಲ ಕಿಸೊಂಬೆಯ ಕಡೆ ತಿರುಗಿತು. ಹದಿನೆಂಟು ವರ್ಷ ಅವನು ಬಾಗಿಲಾಚೆ ನಿಂತು ಬೇರೆಯವರ ಹಾಸಿಗೆಗೆ ಬರುವವರಿಗೆ ತಲೆಬಾಗಿ ನಕ್ಕಿದ್ದ. ಅವನ ಬಾಗಿಲನ್ನು ಹುಡುಕಿಕೊಂಡು, ಬೆಳಗ್ಗಿನಿಂದ ಅಲೆದು, ಯಾರದ್ದೆಂದು ಕೇಳುತ್ತ ಯಾರೂ ಬಂದಿರಲಿಲ್ಲ.  ಅವನ ಎದೆ ತಾನಾಗಿಯೇ ಮುಂದಕ್ಕೆ ಬಂತು.

“ನಂದೇ!” ಎಂದ ಕಿಸೊಂಬೆ. “ಬನ್ನಿ, ಬನ್ನಿ. ಕಿಟಕಿಯಿಂದಲೇ ಆನೆ!”

ಮಾಚೊಚೊ ಅಜ್ಜಿ ಹಣೆ ಚಚ್ಚಿಕೊಂಡಳು. ಮಲೆಂಬ ತಲೆಯ ಮೇಲಿನ ಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡಳು. ನ್ಯಾಕುಂಡಿ ಪೆನ್ಸಿಲಿನ ತುದಿ ನಾಲಗೆಗೆ ಮುಟ್ಟಿಸಿ ಗೆರೆ ಎಳೆದ.

ಆ ಜೋಡಿ ಒಂದು ರಾತ್ರಿ ಇದ್ದು, ಟವೆಲ್ ಆನೆಯ ಜೊತೆ ಫೋಟೋ ತೆಗೆಸಿಕೊಂಡು ಹೋಯಿತು. ನಾಲ್ಕು ತಿಂಗಳಿಗೆ ಬೇಲಿ ಬಂತು. ಎಂಟು ತಂತಿಯ, ಟಿಕ್ ಟಿಕ್ ಎನ್ನುವ ಬೇಲಿ. ಅದು ದಿಬ್ಬದ ಬುಡದವರೆಗೆ ನೆಟ್ಟಗೆ ಬಂದು, ಕಿಸೊಂಬೆಯ ಮನೆಯನ್ನು ಅಚ್ಚುಕಟ್ಟಾಗಿ ಬಳಸಿಕೊಂಡು, ಅದನ್ನು ಕಾಡಿಗೆ ಬಿಟ್ಟು ಮುಂದೆ ಹೋಯಿತು. ಓಡಾಡಲು ಒಂದು ಗೇಟಿತ್ತು. ಅರ್ಧ ಗಂಟೆ ನಡೆಯುವಷ್ಟು ದೂರದಲ್ಲಿದ್ದ ಅದಕ್ಕೆ ಸಂಜೆ ಐದಕ್ಕೆ ಬೀಗ ಬೀಳುತ್ತಿತ್ತು. ಬೋರ್ಡು ಮಾತ್ರ ಊರ ಕಡೆಯಲ್ಲಿಯೇ ಉಳಿಯಿತು. ಅದರ ಬಾಣ ತಂತಿಗಳ ಕಡೆ ತೋರಿಸುತ್ತಿತ್ತು. ತಂತಿಗೆ ನೇತುಹಾಕಿದ ಕೆಂಪು ತಗಡು ‘ಮುಟ್ಟಬೇಡಿ’ ಎನ್ನುತ್ತಿತ್ತು. ಅಗ್ಗದ ರೂಮು ಹುಡುಕಿ ಬಂದವರು ಎರಡನ್ನೂ ಓದಿ, ಒಂದು ಕ್ಷಣ ನಿಂತು, ದುಬಾರಿ ಲಾಡ್ಜಿನ ಕಡೆಗೆ ನಡೆಯುತ್ತಿದ್ದರು.

ಮಲೆಂಬ ಒಂದು ವಾರ ಮಾತಾಡಲಿಲ್ಲ. ಆಮೇಲೆ ಮಾತಾಡಿದ್ದಕ್ಕಿಂತ ಆ ವಾರವೇ ಚೆನ್ನಾಗಿತ್ತು ಎಂದು ಕಿಸೊಂಬೆಗೆ ಅನಿಸಿತು. ಉಪ್ಪು ಬೇಕಾದರೂ ಅವನು ತಂತಿಯ ಬಳಿ ನಿಂತು ಕೂಗಬೇಕಿತ್ತು. ಅಜ್ಜಿ ಉದ್ದನೆಯ ಒಣ ಬಿದಿರಿನ ತುದಿಗೆ ಪೊಟ್ಟಣ ಕಟ್ಟಿ ಕೊಡುತ್ತಿದ್ದಳು.

ಬೇಸಿಗೆ ಬಂತು. ಕಾಡಿನ ಹಳ್ಳಗಳು ಒಣಗಿದವು. ಕೆಳಗಿನ ಹೊಲದ ದಾರಿ ಮುಚ್ಚಿತ್ತು. ಒಂದು ಮುಂಜಾನೆ, ಬೆಳಕು ಇನ್ನೂ ಸರಿಯಾಗಿ ಹರಿಯುವ ಮುಂಚೆ, ಹಿಂದಿನ ಕೋಣೆಯ ಕಡೆಯಿಂದ ಏನೋ ಸಿಡಿದ ಸದ್ದಾಯಿತು. ಗಂಡ ಹೆಂಡಿರು ಎದ್ದು ಆ ಕೋಣೆಗೆ ಹೋದರು. ಕಿಟಕಿಯ ತುಂಬ ಕೆಂಪು ಬಣ್ಣವಿತ್ತು. ಆ ಕೆಂಪು ಉಸಿರಾಡುತ್ತಿತ್ತು. ಒಡೆದ ಟ್ಯಾಂಕಿನ ನೀರಿಗೆ ಸೊಂಡಿಲಿಳಿಸಿ ನಿಂತ ಆನೆ ಅದು. ಅದರ ಹಿಂದೆ ಇನ್ನೂ ಐದು. ಸಣ್ಣ ಕಣ್ಣೊಂದು ಕಿಟಕಿಯ ಮಟ್ಟಕ್ಕೆ ಬಂದು ಒಳಗೆ ನೋಡಿತು. ಹಾಸಿಗೆಯ ಮೇಲಿನ ಟವೆಲ್ ಆನೆಯನ್ನು ನೋಡಿತು. ಕೊನೆಗೆ ಕಿಸೊಂಬೆಯನ್ನು ನೋಡಿತು.

 ಕಿಸೊಂಬೆಯ ಕಣ್ಣಲ್ಲಿ ನೀರು ಬಂತು, ಹೆದರಿಕೆಗಲ್ಲ. ಅವನು ಮುಂಬಾಗಿಲಿನ ಸಂದಿಯಲ್ಲಿ ಮುಖ ಇಟ್ಟು ಬೇಲಿಯ ಆಚೆಗೆ ಕೂಗಿದ.

“ಅಜ್ಜೀ! ಮಾಚೊಚೊ ಅಜ್ಜೀ! ಆನೆ ಬಂದಿದೆ! ಕಿಟಕಿಗೇ ಬಂದಿದೆ!”

ಬಹಳ ಹೊತ್ತಿನ ಮೇಲೆ, ಹಾಸಿಗೆಯ ಮೇಲೆ ಮಗ್ಗುಲು ಬದಲಿಸಿದವರ ದನಿಯೊಂದು ಕೆಳಗಿನಿಂದ ಬಂತು.

“ಸುಳ್ಳು ಬೊಗಳಬೇಡ ಕಿಸೊಂಬೆ. ಮಲಕ್ಕೋ.”

“ಇಲ್ಲ ಅಜ್ಜೀ! ನನ್ನಾಣೆ! ಆರು ಇವೆ!”

ಊರು ಮಿಸುಕಲಿಲ್ಲ. ಹನ್ನೊಂದು ವರ್ಷದ ನಿದ್ದೆ ಬಾಕಿಯಿದ್ದ ಊರು ಅದು. ಮಲೆಂಬ ಗಿರಾಕಿಗಳ ಹಾಸಿಗೆಯ ಮೇಲೆ ಕಾಲು ಮಡಿಸಿ ಕೂತು, ಪಕ್ಕದಲ್ಲಿ ಜಾಗ ತೋರಿಸಿದಳು. “ಬನ್ನಿ ವಕೇಶೊ ಅಪ್ಪಾ, ಕೂತ್ಕೊಳ್ಳಿ. ಇವತ್ತು ಇಬ್ಬರು ಗಿರಾಕಿ ಬಂದಿದಾರೆ ಅಂತ ತಿಳ್ಕೊಳ್ಳಿ.”

ಅವನು ಕೂತ. ಆನೆಗಳು ಹೋಗುವ ಲಕ್ಷಣ ಕಾಣಲಿಲ್ಲ. ಬಿಸಿಲೇರಿತು. ಇಬ್ಬರೂ ಅಲುಗುವಂತಿರಲಿಲ್ಲ. ಕಿಸೊಂಬೆಗೆ ಸುಮ್ಮನೆ ಕೂರಲು ಎಂದಿನಂತೆ ಆಗಲಿಲ್ಲ. ಕೈಗೆಟುಕುವಲ್ಲಿದ್ದ ರಸೀದಿ ಬರೆಯುವ ನೋಟ್‌ಬುಕ್ಕು ಎಳೆದುಕೊಂಡು, ಒಂದು ಹಾಳೆ ತಿರುವಿ, ಸರ್ಕಾರಕ್ಕೆ ಹೊಸ ಅರ್ಜಿ ಬರೆಯತೊಡಗಿದ. ಹೊಸ ಮಾತಿಗಾಗಿ ತಡಕಾಡುವ ಅಗತ್ಯವಿರಲಿಲ್ಲ. ‘ಆನೆಗಳು ದಿನವೂ ಕಿಟಕಿಯವರೆಗೆ ಬರುತ್ತವೆ,’ ಎಂದು ಬರೆದ. ಒಂದು ಕ್ಷಣ ಯೋಚಿಸಿ ‘ದಿನವೂ’ ಎಂಬುದನ್ನು ಹೊಡೆದು ಹಾಕಿ ‘ಇವತ್ತು’ ಎಂದು ತಿದ್ದಿದ. ‘ಹಾಸಿಗೆಯಿಂದ ಏಳುವ ಹಾಗಿಲ್ಲ.’

ಮಲೆಂಬ ಬಗ್ಗಿ ಓದಿದಳು. ಮದುವೆಯಾದಾಗಿನಿಂದ ಅವನ ಬರಹದಲ್ಲಿ ತಪ್ಪು ಹುಡುಕಿದವಳು, ಈ ಸಲ ಏನೂ ಸಿಗದೆ ಸುಮ್ಮನೆ ಹೆಬ್ಬೆಟ್ಟು ಒತ್ತಲು ಬೆರಳು ಮುಂದೆ ಚಾಚಿದಳು.